ಹಾತೆಮ್‌ನ ಎಡಗಿವಿ

ಸಿಡ್ನಿ, ತಪ್ಪು ರೈಲಿನಲ್ಲಿ

ವರ್ಷಗಟ್ಟಲೆ ಕಿವಿ, ಮೂಗು, ಗಂಟಲು ನೋಡುತ್ತ ಬಂದವರಿಗೆ ಒಂದು ಕೆಟ್ಟ ಅಭ್ಯಾಸ ಅಂಟಿಕೊಂಡಿರುತ್ತದೆ. ಎದುರಿಗೆ ಕೂತವರ ಮುಖಕ್ಕಿಂತ ಮೊದಲು ಅವರ ಕಿವಿ ಕಣ್ಣಿಗೆ ಬೀಳುತ್ತದೆ. ಮದುವೆಮನೆಯಲ್ಲಿ ಎಲ್ಲರೂ ಬೆಂಡೋಲೆ ನೋಡಿದರೆ ನಾನು ಅದನ್ನು ಹೊತ್ತ ಹಾಲೆ ನೋಡುತ್ತೇನೆ. ಧಾರವಾಡದಲ್ಲಿ ಇದು ನಡೆಯುತ್ತದೆ. ಪರದೇಶದ ರೈಲಿನಲ್ಲಿ ಅಪರಿಚಿತ ಗಂಡಸೊಬ್ಬನ ಕಿವಿಯನ್ನು ಎವೆಯಿಕ್ಕದೆ ನೋಡಿದರೆ ಏನಾಗಬಹುದು ಎಂದು ನಾನು ಯೋಚಿಸಿರಲಿಲ್ಲ.

ವೈದ್ಯರ ಸಮ್ಮೇಳನಕ್ಕೆಂದು ಸಿಡ್ನಿಗೆ ಬಂದಿದ್ದೆ. ಅದು ಮುಗಿದ ಮೇಲೆ ಮೆಲ್ಬರ್ನ್‌ನಲ್ಲಿರುವ ಚಿಕ್ಕಮ್ಮನ ಮಗಳು ವಿಜಯಾಳ ಮನೆಗೆ ಹೋಗುವುದಿತ್ತು. ಮೊದಲ ದಿನವೇ ಹೊಟೆಲಿನ ಹುಡುಗಿ, 'ಹೌ ಆರ್ ಯು ಗೋಯಿಂಗ್?' ಎಂದು ಕೇಳಿದ್ದಳು. 'ಬೈ ಟ್ರೇನ್' ಎಂದೆ. ಆಕೆ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, 'ಲವ್ಲಿ' ಎಂದಳು. ಅದು ಇಲ್ಲಿನವರು ಯೋಗಕ್ಷೇಮ ವಿಚಾರಿಸುವ ರೀತಿ ಎಂದು ತಿಳಿಯುವಷ್ಟರಲ್ಲಿ ನಾನು ಇನ್ನಿಬ್ಬರಿಗೆ ಅದೇ ಉತ್ತರ ಕೊಟ್ಟಾಗಿತ್ತು.

ರೈಲಿನಲ್ಲಿ ಹೋಗುವುದಂತೂ ನಿಜವಾಗಿತ್ತು, ಆದರೆ ಹತ್ತಿದ್ದು ತಪ್ಪು ರೈಲು. ಸಮ್ಮೇಳನದ ಎರಡನೇ ಸಂಜೆ ಹೊಟೆಲಿಗೆ ಹಿಂತಿರುಗಬೇಕಾದವಳು ಬೇರೆ ಮಾರ್ಗದ ಗಾಡಿಯಲ್ಲಿ ಕೂತಿದ್ದೆ. ಡಬ್ಬಿಯ ತುಂಬ ಜನ, ಆದರೆ ಒಂದು ಮಾತಿಲ್ಲ. ನಮ್ಮ ಹುಬ್ಬಳ್ಳಿಯ ಪ್ಯಾಸೆಂಜರ್ ಗಾಡಿಯಲ್ಲಾದರೆ ಇಷ್ಟು ಹೊತ್ತಿಗೆ ಪಕ್ಕದವರು ನನ್ನ ಊರು, ಮಕ್ಕಳು, ಮನೆ ಸ್ವಂತದ್ದೋ ಬಾಡಿಗೆಯದೋ ಎಲ್ಲ ತಿಳಿದುಕೊಂಡು, ಇದು ನಿಮ್ಮ ಗಾಡಿ ಅಲ್ಲ, ಇಳೀರಿ ಎಂದು ಚೀಲವನ್ನೂ ಇಳಿಸಿಕೊಡುತ್ತಿದ್ದರು.

ನನ್ನ ಎದುರಿಗೆ ನಲವತ್ತು ದಾಟಿದ ಒಬ್ಬ ಗಂಡಸು ಕೂತಿದ್ದ. ಕುಳ್ಳ, ಅಗಲ ಹೆಗಲು, ಅಲ್ಲಲ್ಲಿ ನರೆತ ಗಡ್ಡ. ಅವನ ಬಲಕ್ಕೆ ತಲೆಗೆ ಸ್ಕಾರ್ಫ್ ಸುತ್ತಿದ ಯುವತಿ. ಅವನ ಎರಡೂ ಕಿವಿಗಳು ಹಿಂಡಿ ಬಿಟ್ಟ ಹಿಟ್ಟಿನ ಉಂಡೆಗಳ ಹಾಗೆ ಮುದುಡಿ ಗಟ್ಟಿಯಾಗಿದ್ದವು. ಇಂಥ ಕಿವಿ ನನಗೆ ಹೊಸದಲ್ಲ. ನಾವಿದ್ದ ಓಣಿಯ ಕೊನೆಗೆ ಒಂದು ಗರಡಿಮನೆ ಇತ್ತು. ಮಣ್ಣಿಗೆ ಉಜ್ಜಿ, ಎದುರಾಳಿಯ ತೋಳಿಗೆ ಸಿಕ್ಕಿ ರಕ್ತ ಹೆಪ್ಪುಗಟ್ಟಿದ ಕಿವಿ ಹಾಗೆಯೇ ಗಂಟಾಗಿ ನಿಲ್ಲುತ್ತದೆ. ಅಲ್ಲಿನ ಪೈಲ್ವಾನರು ಅದನ್ನು ಮೀಸೆಯಷ್ಟೇ ಹೆಮ್ಮೆಯಿಂದ ಹೊತ್ತು ತಿರುಗುತ್ತಿದ್ದರು.

'ನನ್ನ ಕಿವಿ ನೋಡ್ತಿದ್ದೀರ' ಎಂದ ಅವನು ಇಂಗ್ಲಿಷಿನಲ್ಲಿ. ಸಿಟ್ಟಿರಲಿಲ್ಲ.

'ಕ್ಷಮಿಸಿ. ನಾನು ಕಿವಿ ಡಾಕ್ಟರು.'

'ಹಾಗಾದರೆ ನೀವೂ ಕತ್ತರಿಸಿ ಸರಿ ಮಾಡಿಸಿಕೋ ಅಂತೀರ.'

'ಇಲ್ಲ. ನಮ್ಮೂರಲ್ಲಿ ಇಂಥ ಕಿವಿ ಇದ್ದವರಿಗೆ ಹಾಲಿನ ಅಂಗಡಿಯವನು ಒಂದು ಲೋಟ ಹೆಚ್ಚಿಗೆ ಕೊಡ್ತಿದ್ದ' ಎಂದೆ.

ಅವನು ಡಬ್ಬಿಯ ಮೌನವೆಲ್ಲ ಒಡೆಯುವ ಹಾಗೆ ನಕ್ಕ. ಪಕ್ಕದ ಯುವತಿಗೆ ಅರಬ್ಬಿಯಲ್ಲಿ ಅದನ್ನು ಮತ್ತೆ ಹೇಳಿದ. ಆಕೆ ಅವನ ಅಕ್ಕನ ಮಗಳು ಜಹ್ರಾ, ಆಸ್ಪತ್ರೆಯಲ್ಲಿ ನರ್ಸ್. ಅವನ ಹೆಸರು ಹಾತೆಮ್.

'ಇವರು ಈ ದೇಶದಲ್ಲಿ ಕೇಜ್ ಒಳಗೆ ಇಳಿದ ಮೊದಲ ಅರಬ್ಬರಲ್ಲಿ ಒಬ್ಬರು' ಎಂದಳು ಜಹ್ರಾ. 'ಎಂಎಂಎ ಗೊತ್ತಲ್ಲ?'

ಅಷ್ಟಿಷ್ಟು ಗೊತ್ತಿತ್ತು. ಕುಸ್ತಿ, ಬಾಕ್ಸಿಂಗ್, ಒದೆಯುವುದು, ಕೈಕಾಲು ಮಡಚಿ ಹಿಡಿಯುವುದು ಎಲ್ಲವನ್ನೂ ಒಂದೇ ಆಟಕ್ಕೆ ಸೇರಿಸಿ, ಸುತ್ತ ತಂತಿಬಲೆ ಕಟ್ಟಿದ ಕಣದಲ್ಲಿ ಆಡಿಸುತ್ತಾರೆ. ಬರುವ ಶನಿವಾರದ ನಂತರದ ಶನಿವಾರ ಮೆಲ್ಬರ್ನ್‌ನಲ್ಲಿ ಹಾತೆಮ್‌ನ ಕೊನೆಯ ಪಂದ್ಯವಿತ್ತು. ನಾನೂ ಆ ಹೊತ್ತಿಗೆ ಅಲ್ಲೇ ಇರುತ್ತೇನೆ ಎಂದಾಗ ಅವನು, 'ಮೊದಲು ಭಾನುವಾರ ನನ್ನ ಜಿಮ್‌ಗೆ ಬನ್ನಿ. ಆಮೇಲೆ ಪಂದ್ಯ ನೋಡಬೇಕೋ ಬೇಡವೋ ಹೇಳಿ' ಎಂದ. ನಾನು ಎಲ್ಲಿ ಇಳಿಯಬೇಕು ಎನ್ನುವುದನ್ನು ಜಹ್ರಾ ಹೇಳಿಕೊಟ್ಟಳು.

ಫೇರ್‌ಫೀಲ್ಡ್‌ನ ಗರಡಿ

ಹಾತೆಮ್‌ನ ಜಿಮ್ ಎಂದರೆ ಸಿಡ್ನಿಯ ಫೇರ್‌ಫೀಲ್ಡ್ ಬಡಾವಣೆಯಲ್ಲಿ ಟೈರ್ ಅಂಗಡಿಗಳ ಹಿಂದಿನ ತಗಡಿನ ಶೆಡ್ಡು. ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಅದೊಂದು ನೋಡಿ ನನಗೆ ನೆಮ್ಮದಿಯಾಯಿತು. ನಮ್ಮ ಗರಡಿಯ ಕೆಂಪುಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸುತ್ತಿದ್ದರು, ಓಣಿಯ ತುದಿಯಿಂದಲೇ ಆ ವಾಸನೆ ಬರುತ್ತಿತ್ತು. ಇಲ್ಲಿ ರಬ್ಬರ್ ಚಾಪೆ, ನೆಲ ಒರೆಸಿದ ಫಿನಾಯಿಲು. ನಮ್ಮ ಗರಡಿಗೆ ಹೆಣ್ಣುಮಕ್ಕಳು ಹೊಸ್ತಿಲು ದಾಟುವಂತಿರಲಿಲ್ಲ. ನಾನು ಕಿಟಕಿಯ ಸರಳು ಹಿಡಿದು ನೋಡಿದವಳು. ಇಲ್ಲಿ ಜಹ್ರಾ ಸ್ಕಾರ್ಫ್ ಬಿಗಿಯಾಗಿ ಕಟ್ಟಿಕೊಂಡು ತನ್ನ ಓರಗೆಯ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಚಾಪೆಯ ಮೇಲೆ ಕೆಡವುತ್ತಿದ್ದಳು. ಬಿದ್ದವರು ನಗುತ್ತ ಎದ್ದು ಮತ್ತೆ ಸಾಲಿನಲ್ಲಿ ನಿಲ್ಲುತ್ತಿದ್ದರು.

ಹಾತೆಮ್ ಸೊಂಟ ಕಿರಿದಾದ ಪುಟ್ಟ ಗಾಜಿನ ಲೋಟದಲ್ಲಿ ಏಲಕ್ಕಿ ಚಹಾ ಕೊಟ್ಟ. ಹಾಲಿಲ್ಲ, ತಳದಲ್ಲಿ ಬೆರಳಗಲ ಸಕ್ಕರೆ. ನನ್ನ ಎಡಗಡೆ ಬೆಂಚಿನಲ್ಲಿ ಕೂತು, ಕೇಳಿದ್ದಕ್ಕೆಲ್ಲ ಉತ್ತರ ಹೇಳಿದ.

ಹುಟ್ಟಿದ್ದು ಇರಾಕಿನ ಬಸ್ರಾದಲ್ಲಿ. ಯುದ್ಧದಲ್ಲಿ ಅಪ್ಪ ಹೋದ ಮೇಲೆ ತಾಯಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಜೋರ್ಡಾನ್‌ಗೆ ಬಂದು, ಅಲ್ಲಿಂದ ಇಲ್ಲಿಗೆ. ಶಾಲೆಯಲ್ಲಿ ಇಂಗ್ಲಿಷ್ ಬಾರದ ಹುಡುಗನನ್ನು ಮೇಷ್ಟ್ರೊಬ್ಬರು ಕುಸ್ತಿಯ ತಂಡಕ್ಕೆ ಸೇರಿಸಿದರು, ಅಲ್ಲಿ ಮಾತಿನ ಅಗತ್ಯವಿರಲಿಲ್ಲ. ಆಮೇಲೆ ಮನೆಗಳಿಗೆ ಟೈಲ್ಸ್ ಕೂರಿಸುವ ಕೆಲಸ ಹಿಡಿದ, ಸಂಜೆ ಅಭ್ಯಾಸ.

'ಮೊದಲನೇ ಪಂದ್ಯಕ್ಕೆ ನನಗೊಂದು ಹೆಸರು ಕಟ್ಟಿದ್ರು' ಎಂದ. 'ಮರುಭೂಮಿಯ ಸುಲ್ತಾನ. ಹೊಳೆಯೋ ನಿಲುವಂಗಿ, ತಲೆಗೆ ರುಮಾಲು, ಹಾವಾಡಿಗರ ಸಂಗೀತ. ನಾನು ಹೇಳಿದೆ, ಸಾರ್, ಬಸ್ರಾದ ಹತ್ತಿರ ಎರಡು ನದಿ ಕೂಡ್ತವೆ, ಕಾಲಿಟ್ಟಲ್ಲಿ ನೀರು. ನಾನು ಮರುಭೂಮಿ ಅಂತ ನೋಡಿದ್ದು ಜೋರ್ಡಾನ್‌ಗೆ ಬರೋವಾಗ ಬಸ್ಸಿನ ಕಿಟಕೀಲಿ, ಅದೂ ರಾತ್ರಿ.'

'ಮತ್ತೆ?'

'ಸಿಮೆಂಟ್ ಹತ್ತಿದ ಕೆಲಸದ ಬಟ್ಟೇಲೇ ಒಳಗೆ ಹೋದೆ. ಜನ ಕೂಗಾಡಿದ್ರು. ಮೊದಲ ಸುತ್ತಲ್ಲೇ ಗೆದ್ದೆ. ಹೊರಗೆ ಬರೋವಾಗ ಒಬ್ಬ ಮುದುಕ ಕೈ ಹಿಡಿದು ನಿಲ್ಲಿಸಿದ. ಹೊಗಳ್ತಾನೆ ಅಂದ್ಕೊಂಡೆ. ಬಾತ್‌ರೂಮ್ ಟೈಲ್ಸ್ ಹಾಕಿಕೊಡ್ತೀಯಾ ಅಂತ ಕೇಳಿದ.'

ಹಾಕಿಕೊಟ್ಟನಂತೆ. ಆ ಮುದುಕ ಆಮೇಲೆ ಪ್ರತಿ ಪಂದ್ಯಕ್ಕೂ ಬರುತ್ತಿದ್ದನಂತೆ.

ಮನೆಯವರ ಕಡೆ ಕಷ್ಟ ಬೇರೆ ಥರದ್ದು. ಮನುಷ್ಯನ ಮುಖಕ್ಕೆ ಹೊಡೆಯಬಾರದು ಎನ್ನುವ ಹಿರಿಯರಿದ್ದರು. ತಾಯಿ ಅಳುತ್ತಿದ್ದಳು, ಪಂದ್ಯದ ದಿನ ಉಪವಾಸ ಇರುತ್ತಿದ್ದಳು. ಕೇಳಿ ಕಲಿಯೋಣವೆಂದರೆ ತನ್ನವರಲ್ಲಿ ಈ ಆಟ ಆಡಿದವರೇ ಇರಲಿಲ್ಲ. ಜೋರ್ಡಾನ್‌ನಲ್ಲಿ ಪಂದ್ಯ ನಡೆಸುತ್ತೇವೆ ಎಂದು ಕರೆ ಬಂದಾಗ ಕುಣಿಯುತ್ತ ಹೋದ. ಅಲ್ಲಿ ಯಾರೂ ಅದುವರೆಗೆ ಕೇಜ್ ಕಂಡಿರಲಿಲ್ಲ. ಮನೆಯ ಗೇಟು ಮಾಡುವವನ ಕೈಯಲ್ಲಿ ಮಾಡಿಸಿದ್ದರು. ಅವನು ಒಳ್ಳೆಯ ಗೇಟು ಮಾಡುವವನಾದ್ದರಿಂದ ಹೊರಗಿನಿಂದ ಭದ್ರವಾದ ಚಿಲಕ ಇಟ್ಟಿದ್ದ. ಪಂದ್ಯ ಮುಗಿದು ಗೆದ್ದವ, ಸೋತವ, ರೆಫರಿ ಮೂವರೂ ಚಿಲಕ ತೆಗೆಯಬೇಕಾದವನು ಚಹಾ ಕುಡಿದು ಬರುವವರೆಗೆ ಒಳಗೇ ನಿಂತಿದ್ದರು.

'ಆ ಊರುಗಳಲ್ಲಿ ಈಗ ಓಣಿಗೊಂದು ಜಿಮ್' ಎಂದ. ಆ ಮಾತು ಹೇಳುವಾಗ ಅವನ ಮುಖ ಅರಳಿತ್ತು. ಮುಂದಿನದನ್ನು ಹೇಳುವಾಗ ಅರಳಿರಲಿಲ್ಲ.

ಬಹ್ರೇನ್‌ನಲ್ಲಿ ಅವನಿಗೆ ಚಾಂಪಿಯನ್ ಪಟ್ಟ ಸಿಕ್ಕಿತು. ಎದುರಾಳಿ ಈಜಿಪ್ಟಿನ ಶರೀಫ್, ಹಳೆಯ ಸ್ನೇಹಿತ. ಹಾತೆಮ್ ಅವನ ತೋಳನ್ನು ಮಡಚಿ ಹಿಡಿದಿದ್ದ. ಆ ಹಿಡಿತದಿಂದ ಬಿಡಿಸಿಕೊಳ್ಳಲಾಗದವನು ಕೈ ತಟ್ಟಿಯೋ ಬಾಯಲ್ಲಿ ಹೇಳಿಯೋ ಸೋಲು ಒಪ್ಪಬೇಕು. ಶರೀಫ್ ತಟ್ಟಲಿಲ್ಲ, ಮೊಣಕೈ ಮುರಿಯಿತು. ಶರೀಫ್ ಆಮೇಲೆ, ಕೈ ಸಿಕ್ಕಿಕೊಂಡಿತ್ತು, ಬಾಯಲ್ಲಿ ಕೂಗಿ ಒಪ್ಪಿಕೊಂಡೆ, ಆದರೂ ಅವನು ಬಿಡಲಿಲ್ಲ ಎಂದ. ಜನರ ಗದ್ದಲದಲ್ಲಿ ರೆಫರಿಗೆ ಏನೂ ಕೇಳಿಸಿರಲಿಲ್ಲ. ಜನ ಶಿಳ್ಳೆ ಹಾಕಿ ಹಾತೆಮ್‌ನನ್ನು ಕಳಿಸಿದರು. 'ಬಿಡದವನು' ಎಂಬ ಹೆಸರು ಅಂಟಿತು.

'ಸುಳ್ಳು ಹೇಳಿದ' ಎಂದ ಹಾತೆಮ್. 'ಸೋತವನು ಏನಾದರೂ ಹೇಳಬೇಕಲ್ಲ. ನಾನು ಅವನ ಮದುವೇಲಿ ಕುಣಿದವನು. ಆಮೇಲೆ ಮಾತೇ ಬಿಟ್ಟೆ. ಮೆಲ್ಬರ್ನ್‌ನಲ್ಲಿ ಒಂದು ಸ್ವಚ್ಛವಾದ ಪಂದ್ಯ ಆಡಿ ಮುಗಿಸಬೇಕು. ಅಷ್ಟೇ ಉಳಿದಿರೋದು.'

ಅಷ್ಟರಲ್ಲಿ ಪಾಠದ ಹೊತ್ತಾಯಿತು. ನಾನು ಬೆಂಚಿನ ಮೇಲೆಯೇ ಕೂತು ನೋಡಿದೆ.

ಟೋಂಗಾ ದ್ವೀಪದ ಕಡೆಯ ದೊಡ್ಡ ಆಳೊಬ್ಬ, ಲಾರಿ ಓಡಿಸುವವನು, ಮಲಗಿದ್ದ. ಹಾತೆಮ್ ಅವನ ಒಂದು ತೋಳು ಮಡಚಿ ಹಿಡಿದು, ಬಲಗೆನ್ನೆಯನ್ನು ಅವನ ಎದೆಗೆ ಒತ್ತಿ, ಸುತ್ತ ನಿಂತವರಿಗೆ ವಿವರಿಸುತ್ತಿದ್ದ. ಆಳಿನ ಇನ್ನೊಂದು ಕೈ ಅವನದೇ ಮೈಯಡಿ ಸಿಕ್ಕಿಕೊಂಡಿತ್ತು. 'ಟ್ಯಾಪ್' ಎಂದ ಆತ. ಇಲ್ಲಿ ಅದು 'ಸಾಕು, ಸೋತೆ' ಎನ್ನುವ ಮಾತು. ಹಾತೆಮ್ ವಿವರಿಸುತ್ತಲೇ ಇದ್ದ. 'ಟ್ಯಾಪ್, ಟ್ಯಾಪ್.' ದೂರದ ಬೆಂಚಿನಲ್ಲಿದ್ದ ನನಗೆ ಚೆನ್ನಾಗಿ ಕೇಳಿಸಿತು. ಜಹ್ರಾ ಎರಡು ಹೆಜ್ಜೆ ಬಂದು ಮಾವನ ಹೆಗಲು ಮುಟ್ಟಿದಳು. ಅವನು ತಕ್ಷಣ ಬಿಟ್ಟ. ಯಾರಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ. ದೊಡ್ಡ ಆಳು ಮೊಣಕೈ ಉಜ್ಜಿಕೊಂಡು, 'ಪರವಾಗಿಲ್ಲ ಕೋಚ್' ಎಂದ.

ಪಾಠ ಮುಗಿದ ಮೇಲೆ ನಾನು ಹಾತೆಮ್‌ಗೆ, ನಿಮ್ಮ ಕಿವಿಗೊಂದು ಸಣ್ಣ ಪರೀಕ್ಷೆ ಮಾಡಲೇ ಎಂದು ಕೇಳಿದೆ. ನಗುತ್ತ ಒಪ್ಪಿದ. ಅವನ ಹಿಂದೆ ನಿಂತು, ಎಡಗಿವಿಯನ್ನು ಬೆರಳಿಂದ ಮುಚ್ಚಿ ಉಜ್ಜುತ್ತ, ಬಲಗಿವಿಯ ಬಳಿ ಪಿಸುಗುಟ್ಟಿದೆ. 'ಅವಲಕ್ಕಿ.'

'ಅವಲಾಕಿ.'

'ಮಲ್ಲಿಗೆ.'

'ಮಲ್ಲಿಗೆ. ಇದೇನು, ನನ್ನನ್ನು ಬೈತಿದ್ದೀರಾ?' ಎಂದ. ಜಹ್ರಾ ನಕ್ಕಳು.

ಈಗ ಬಲಗಿವಿ ಮುಚ್ಚಿ ಎಡಗಿವಿಯ ಬಳಿ ಬಾಗಿದೆ. ಅವಲಕ್ಕಿ ಎಂದೆ. ಮಲ್ಲಿಗೆ ಎಂದೆ. ಧಾರವಾಡ ಎಂದು ಸ್ವಲ್ಪ ಜೋರಾಗಿಯೇ ಅಂದೆ. ಅವನು ಗೋಡೆ ನೋಡುತ್ತ ಕೂತಿದ್ದ.

'ಶುರು ಮಾಡಿ ಡಾಕ್ಟರ್' ಎಂದ.

ಜಹ್ರಾಳ ನಗು ನಿಂತುಹೋಯಿತು.

ನಾನು ಎದುರಿಗೆ ಬಂದು ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ತೊಂದರೆ ಹೊರಗಿನ ಗಂಟಿನದಲ್ಲ, ಒಳಗಿನದು. ಪೆಟ್ಟು ಬಿದ್ದು ಬಿದ್ದು ಯಾವಾಗಲೋ ಹೋಗಿರಬೇಕು. ಸರಿಯಾದ ಯಂತ್ರದಲ್ಲಿ ಪರೀಕ್ಷೆ ಮಾಡಿಸಿಕೊಳ್ಳಿ. ಅಲ್ಲಿಯವರೆಗೆ ಕಣಕ್ಕೆ ಇಳಿಯಬೇಡಿ.

'ಒಂದು ಕಿವಿ ಸಾಕು ನನಗೆ. ಇಷ್ಟು ವರ್ಷ ಆಡಿದ್ದೇನೆ.'

'ನಿಮ್ಮ ಮಾತು ಬಿಡಿ. ಈಗ ಆ ಲಾರಿಯವರು ಸಾಕು ಅಂತ ಹೇಳಿದ್ದು ನಿಮಗೆ ಕೇಳಿಸಿತೇ?'

ಅವನು ಜಹ್ರಾಳ ಕಡೆ ನೋಡಿದ. ಆಕೆ ತಲೆ ತಗ್ಗಿಸಿ ಅರಬ್ಬಿಯಲ್ಲಿ ಏನೋ ಅಂದಳು. ನನಗೆ ಆಮೇಲೆ ಬಾಗಿಲಲ್ಲಿ ಇಂಗ್ಲಿಷಿನಲ್ಲಿ ಹೇಳಿದಳು: 'ಮನೇಲಿ ನಾವೆಲ್ಲ ಅವರ ಬಲಗಡೆನೇ ಕೂರ್ತೀವಿ. ಯಾವಾಗಿಂದ ಅಂತ ನೆನಪಿಲ್ಲ. ಅಭ್ಯಾಸ ಆಗಿಹೋಗಿದೆ. ಯಾರೂ ಬಾಯಿಬಿಟ್ಟು ಅಂದಿರಲಿಲ್ಲ.'

ಹಾತೆಮ್ ಚಹಾದ ಲೋಟಗಳನ್ನು ತೊಳೆಯಲು ಹೋದವನು ಹೊರಗೆ ಬರಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಸ್ಟೇಷನ್ನಿಗೆ ನಡೆದೆ. ಊರು ನೋಡಲು ಬಂದವಳಿಗೆ ಈ ಉಸಾಬರಿ ಯಾಕೆ ಬೇಕಿತ್ತು ಎಂದು ದಾರಿಯುದ್ದಕ್ಕೂ ಅನ್ನಿಸಿತು. ಹೇಳದೆ ಬಂದಿದ್ದರೆ ಇನ್ನೂ ಹೆಚ್ಚು ಅನ್ನಿಸುತ್ತಿತ್ತು.

ಮೆಲ್ಬರ್ನ್, ಕ್ಲೈಡ್ ನಾರ್ತ್

ವಿಜಯಾಳ ಮನೆ ಇರುವ ಸಬರ್ಬ್ ಎಷ್ಟು ಹೊಸದೆಂದರೆ ಮರಗಳಿಗೆ ಇನ್ನೂ ಊರುಗೋಲು ಕಟ್ಟಿದ್ದರು. ಬೀದಿಗೆ ಬೀದಿ ಒಂದೇ ಅಚ್ಚಿನ ಮನೆಗಳು. ಎರಡನೇ ಬೆಳಿಗ್ಗೆ ವಾಕಿಂಗ್ ಮುಗಿಸಿ, ತೆರೆದಿದ್ದ ಗ್ಯಾರೇಜಿನಿಂದ ಒಳಗೆ ಹೋಗಿ, ಅಡುಗೆಮನೆಯಲ್ಲಿ ನೀರು ಬಗ್ಗಿಸಿಕೊಂಡು ಕುಡಿಯುತ್ತಿದ್ದೆ. ಪಂಜಾಬಿ ಮುದುಕಿಯೊಬ್ಬರು ಬಂದು ನನ್ನನ್ನು ನೋಡಿ, ಒಂದು ಕ್ಷಣ ಯೋಚಿಸಿ, 'ಚಾಯ್ ಪಿಯೋಗಿ?' ಎಂದು ಕೇಳಿದರು. ಕುಡಿದು ಬಂದೆ.

'ಅಕ್ಕಾ, ನಮ್ಮನಿ ಬಾಗಲಾ ಗ್ರೇ, ಅವರ್ದು ಚಾರ್ಕೋಲ್' ಎಂದಳು ವಿಜಯಾ. 'ಅಷ್ಟೂ ಗೊತ್ತಾಗೂದಿಲ್ಲೇನು?'

'ಎರಡೂ ಬೂದಿ ಬಣ್ಣನ ಅದಾವಲ್ಲ.'

'ಹಂಗ ಅನಬ್ಯಾಡ. ಆ ಕಲರ್ ಸೆಲೆಕ್ಟ್ ಮಾಡ್ಲಿಕ್ಕೆ ನಾವು ಮೂರು ವೀಕೆಂಡ್ ಹಾಳ ಮಾಡ್ಕೊಂಡೇವಿ.'

ಅವಳ ಗಂಡ ಗಿರೀಶ್ ಬೆಂಗಳೂರಿನವನು, ಎಂಜಿನಿಯರ್. ಹಾತೆಮ್ ಹೆಸರು ಕೇಳಿದ್ದೇ ತಡ, ಲ್ಯಾಪ್‌ಟಾಪ್ ಮುಚ್ಚಿ ಎದ್ದು ನಿಂತ. 'ಅಕ್ಕ, ನೀವು ಅವರನ್ನ ಮೀಟ್ ಮಾಡಿದ್ರಾ? ಆ ಬಹ್ರೇನ್ ಫೈಟ್ ನಾನು ನೋಡಿದೀನಿ. ತುಂಬಾ ಕಾಂಟ್ರೊವರ್ಸಿ ಆಗಿತ್ತು. ಟಿಕೆಟ್ ಬುಕ್ ಮಾಡಲಾ?'

ಎರಡು ದಿನ ತಾಳು ಎಂದೆ. ಅವರ ಮಗಳು ಅನಿಕಾ ಸೋಫಾದಿಂದ, 'ಡಾಕ್ಟರ್ ದೊಡ್ಡಮ್ಮ ಲೈಕ್ಸ್ ಕೇಜ್ ಫೈಟಿಂಗ್, ದಟ್ಸ್ ಸೋ ವಿಯರ್ಡ್' ಎಂದಳು. ಆ ಮಗು ಕನ್ನಡ ಪೂರ್ತಿ ಅರ್ಥ ಮಾಡಿಕೊಂಡು ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಕೊಡುತ್ತದೆ. ಒಮ್ಮೊಮ್ಮೆ ನನ್ನ ರೋಗಿಗಳ ನೆನಪಾಗುತ್ತಿತ್ತು. ಒಂದು ಕಡೆಯಿಂದ ಹೋದದ್ದು ಇನ್ನೊಂದು ಕಡೆಯಿಂದ ಬರುವುದಿಲ್ಲ.

ಗುರುವಾರ ಮಧ್ಯಾಹ್ನ ಹಾತೆಮ್ ಫೋನ್ ಮಾಡಿದ. ನಾನು ಜಹ್ರಾಳಿಗೆ ಕೊಟ್ಟಿದ್ದ ನಂಬರು ತೆಗೆದುಕೊಂಡಿದ್ದನಂತೆ.

'ಟೆಸ್ಟ್ ಮಾಡಿಸಿದೆ. ಎಡಗಡೆ ಏನೂ ಇಲ್ಲವಂತೆ. ಗಾಜಿನ ಕೋಣೇಲಿ ಕೂರಿಸಿ ಶಬ್ದ ಬಂದಾಗ ಗುಂಡಿ ಒತ್ತು ಅಂದ್ರು. ಹೊರಗೆ ಆ ಹುಡುಗಿ ಒಂದರ ಮೇಲೊಂದು ಬಟನ್ ಒತ್ತೋದು ಕಾಣ್ತಿತ್ತು. ನಾನು ಸುಮ್ಮನೆ ಕೂತಿದ್ದೆ.'

'ಯಾವಾಗಿಂದ ಅಂತ ಏನಾದರೂ ಹೇಳಿದರೇ?' ಎಂದೆ.

'ಹಳೇ ರಿಪೋರ್ಟ್ ಹುಡುಕಿದ್ವಿ ಡಾಕ್ಟರ್. ಬಹ್ರೇನ್‌ಗಿಂತ ಮೊದಲೇ ಒಬ್ಬರು ಇದನ್ನ ಬರೆದಿದ್ರು. ಚಳಿಗೆ ಕಿವಿ ಕಟ್ಟಿದೆ ಅಂದ್ಕೊಂಡು ಬಿಟ್ಟಿದ್ದೆ' ಎಂದ. 'ಶರೀಫ್‌ಗೆ ಫೋನ್ ಮಾಡಿದೆ. ನೀನು ಕೂಗಿದ್ದೆಯಾ ಅಂತ ಕೇಳಿದೆ. ಮೂರು ಸಲ ಕೂಗಿದೆ ಅಂದ. ನನಗೆ ಕೇಳಿಸಲಿಲ್ಲ ಅಂದೆ.'

'ಅವರು ಏನಂದರು?'

'ಮೊದಲು ನಮ್ಮಮ್ಮ ಹೇಗಿದ್ದಾಳೆ ಅಂತ ಕೇಳಿದ. ಆಮೇಲೆ, ಚಳಿಗಾಲದಲ್ಲಿ ಮೊಣಕೈ ನೋಯುತ್ತೆ ಅಂದ. ಆಮೇಲೆ ತುಂಬ ಹೊತ್ತು ಅವನೂ ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ.'

ಪಂದ್ಯದಿಂದ ಹಿಂದೆ ಸರಿಯುತ್ತೇನೆಂದು ಸಂಘಟಕರಿಗೆ ಅವನೇ ತಿಳಿಸಿದ್ದ. ಅವನ ಬದಲಿಗೆ ಬೇರೊಬ್ಬನನ್ನು ಗೊತ್ತುಮಾಡಿದ್ದರು. ಆದರೂ ಟಿಕೆಟ್ ಕೊಂಡವರ ಎದುರಿಗೆ ಬಂದು ಒಂದು ಮಾತು ಹೇಳಿಹೋಗು ಎಂದು ಕರೆದಿದ್ದರು. 'ಅಮ್ಮ ಬರ್ತಾಳೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಬಂದಿಲ್ಲ. ಹೊಡೆದಾಟ ಇಲ್ಲ ಅಂದ ಮೇಲೆ ಒಪ್ಪಿದಾಳೆ. ನೀವೂ ಬನ್ನಿ' ಎಂದ.

ಶನಿವಾರದ ಅಂಗಳ

ಗಿರೀಶ್ ಕಾರಿನಲ್ಲಿ ಕರೆದುಕೊಂಡು ಹೋದ. ಉತ್ತರದ ಒಂದು ಸಬರ್ಬಿನ ಒಳಾಂಗಣ ಕ್ರೀಡಾಂಗಣ. ಹೊರಗೆ ಕುರಿಮಾಂಸದ ರೋಲು, ಆಲೂಗಡ್ಡೆ ಚಿಪ್ಸು. ಒಳಗೆ ಎಲ್ಲ ದೇಶದ ಮುಖಗಳು. ನಮ್ಮ ಕಡೆಯ ಕುಸ್ತಿಯಲ್ಲಿ ಗೆದ್ದವನು ಪ್ರೇಕ್ಷಕರ ಸುತ್ತ ಓಡಿಬಂದು ನಮಸ್ಕಾರ ಹಾಕುತ್ತಾನೆ. ಇಲ್ಲಿ ಗೆದ್ದವನು ಬಲೆ ಹತ್ತಿ ಕೂತು ತನ್ನವರನ್ನು ಹುಡುಕುತ್ತಾನೆ. ಮೊದಲೆರಡು ಪಂದ್ಯ ನೋಡುವಾಗ ನಾನು ಗಿರೀಶನ ತೋಳು ಹಿಡಿದುಕೊಂಡಿದ್ದೆ. ಮೂರನೆಯದರಲ್ಲಿ ಬಿಟ್ಟೆ, ಹಿಡಿತಗಳು ಗುರುತು ಸಿಗತೊಡಗಿದವು. ಅವುಗಳಲ್ಲಿ ಕೆಲವನ್ನು ನಾನು ಕಿಟಕಿಯ ಸರಳಿನಾಚೆ ಕಂಡಿದ್ದೆ.

ನಡುವೆ ಬಿಡುವಿನಲ್ಲಿ ಹಾತೆಮ್‌ನ ಹೆಸರು ಕರೆದರು. ಯಾವ ಸಂಗೀತವೂ ಇರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದ. ಅವನ ತೋಳು ಹಿಡಿದುಕೊಂಡು, ಕಪ್ಪು ಉಡುಪಿನ ಸಣ್ಣ ದೇಹದ ಮುದುಕಿ. ಉಮ್ ಹಾತೆಮ್ ಎಂದು ಎಲ್ಲರೂ ಕರೆಯುವ ಅವನ ತಾಯಿ. ಹಾಗೆಂದರೆ ಹಾತೆಮ್‌ನ ಅವ್ವ ಎಂದೇ ಅರ್ಥ. ನಮ್ಮ ಓಣಿಯಲ್ಲೂ ಹೆಂಗಸರ ಸ್ವಂತ ಹೆಸರು ಯಾರಿಗೂ ಗೊತ್ತಿರಲಿಲ್ಲ. ಕೇಜಿನ ಮೆಟ್ಟಿಲ ಬಳಿ ಆಕೆ ಬಗ್ಗಿ ಬೂಟು ಬಿಚ್ಚಿದರು. ಬೇಕಿಲ್ಲ ಎಂದು ಕಾವಲಿನವನು ಸನ್ನೆ ಮಾಡಿದರೂ ಕೇಳಲಿಲ್ಲ.

ಜಹ್ರಾ ನಮ್ಮ ಪಕ್ಕಕ್ಕೆ ಬಂದು ನಿಂತಳು. ಹಾತೆಮ್ ಮೈಕು ಹಿಡಿದು ಹೆಚ್ಚು ಮಾತಾಡಲಿಲ್ಲ. ತನ್ನ ಎಡಗಿವಿ ಕೇಳುವುದಿಲ್ಲ ಎಂದ. ಬಹ್ರೇನ್‌ನಲ್ಲಿ ಶರೀಫ್ ಹೇಳಿದ್ದು ನಿಜ ಎಂದ. ಅವನು ಕೂಗಿದ್ದ, ನಾನು ಬಿಡಲಿಲ್ಲ, ನಿಮ್ಮಲ್ಲಿ ಅವನನ್ನು ಸುಳ್ಳುಗಾರ ಅಂದವರಿದ್ದರೆ ಇನ್ನು ಅನ್ನಬೇಡಿ, ಹಾಗೆ ಮೊದಲು ಅಂದವನು ನಾನೇ ಎಂದ. ಎಲ್ಲೋ ಹಿಂದಿನಿಂದ ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ.

'ಈಗ ಗ್ಲೌಸ್ ಬಿಡ್ತಾರೆ' ಎಂದು ಗಿರೀಶ್ ನನ್ನ ಕಿವಿಯಲ್ಲಿ ಹೇಳಿದ. 'ರಿಟೈರ್ ಆಗೋರು ಗ್ಲೌಸ್‌ನ ಕೇಜ್ ಮಧ್ಯೆ ಇಟ್ಟು ಹೋಗ್ತಾರೆ ಅಕ್ಕ. ಅದೇ ಇಲ್ಲಿ ಪದ್ಧತಿ.'

ಹಾತೆಮ್ ಬೆರಳು ತೆರೆದ ಆ ಸಣ್ಣ ಕೈಗವಸುಗಳನ್ನು ಜೇಬಿನಿಂದ ತೆಗೆದು, ಮಂಡಿಯೂರಿ, ನೆಲದ ನಡುವೆ ಒಂದರ ಪಕ್ಕ ಒಂದು ಇಟ್ಟ. ಎದ್ದು ನಿಂತು ಕಣ್ಣು ಮುಚ್ಚಿದ. ಜನ ಎದ್ದು ನಿಂತರು. ಗಿರೀಶ್ ಕಣ್ಣೊರೆಸಿಕೊಳ್ಳುತ್ತಿದ್ದ.

ಅಷ್ಟರಲ್ಲಿ ಉಮ್ ಹಾತೆಮ್ ಮುಂದೆ ಬಂದರು. ಸೊಂಟಕ್ಕೆ ಕೈಕೊಟ್ಟು ಬಗ್ಗಿ, ಕೈಗವಸುಗಳನ್ನು ಎತ್ತಿಕೊಂಡು, ಅಂಗೈಯಿಂದ ಧೂಳು ಕೊಡವಿದರು. ಮಗ ಕಣ್ಣು ಬಿಟ್ಟು ಗಾಬರಿಯಿಂದ ಏನೋ ಹೇಳಿದ. ಅವರು ತಿರುಗಿ ಅದಕ್ಕಿಂತ ಉದ್ದದ್ದೇನೋ ಹೇಳಿದರು. ಮೈಕು ಇನ್ನೂ ಅವನ ಕೈಯಲ್ಲಿದ್ದುದರಿಂದ ಇಡೀ ಕ್ರೀಡಾಂಗಣಕ್ಕೆ ಕೇಳಿಸಿತು. ಅರಬ್ಬಿ ಬಲ್ಲವರೆಲ್ಲ ಒಟ್ಟಿಗೆ ನಕ್ಕರು.

'ಏನಂದ್ರು?' ಎಂದು ಜಹ್ರಾಳನ್ನು ಕೇಳಿದೆ.

ಅವಳು ಅಳುತ್ತಲೂ ನಗುತ್ತಲೂ ಇದ್ದಳು. 'ಅಜ್ಜಿ ಹೇಳ್ತಿದಾಳೆ: ಒಳ್ಳೇ ಚರ್ಮದ್ದು, ಇನ್ನೂ ಹರಿದಿಲ್ಲ, ಯಾರದೋ ಮನೇಲಿ ಯಾಕೆ ಬಿಟ್ಟು ಬರ್ತೀಯ?'

ಹಾತೆಮ್ ಪದ್ಧತಿಯನ್ನು ವಿವರಿಸಲು ಇನ್ನೊಮ್ಮೆ ಬಾಯಿ ತೆರೆದ, ರೆಫರಿಯ ಕಡೆ ನೋಡಿದ. ರೆಫರಿ ಭುಜ ಹಾರಿಸಿದ. ಮುದುಕಿ ಕೈಚೀಲ ತೆರೆದು, ಒಳಗಿದ್ದ ನೀರಿನ ಬಾಟಲಿಯನ್ನು ಪಕ್ಕಕ್ಕೆ ಸರಿಸಿ, ಎರಡೂ ಕೈಗವಸುಗಳನ್ನು ಒಂದರೊಳಗೊಂದು ತುರುಕಿ ಇಟ್ಟುಕೊಂಡು ಜಿಪ್ ಎಳೆದರು. ಆಮೇಲೆ ಮಗನ ಅಂಗಿಯ ಕಾಲರು ಸರಿಮಾಡಿ, ಅವನನ್ನು ಮುಂದೆ ಬಿಟ್ಟುಕೊಂಡು, ಬರಿಗಾಲಲ್ಲಿ ಮೆಟ್ಟಿಲಿಳಿದು ತಮ್ಮ ಬೂಟು ಹುಡುಕತೊಡಗಿದರು.